ಪಾರ್ಟ್ನರ್‌ಶಿಪ್ ಮಾಡುವವರೇ, ಜಿಎಸ್‌ಟಿ ನಂಬರ್ ಬಂತು ಅಂದರೆ ಫರ್ಮ್ ರಿಜಿಸ್ಟರ್ ಆಯ್ತು ಅಂತಲ್ಲ

ಇದನ್ನು ಬರೆಯಲೋ ಬೇಡವೋ ಅಂತ ಎರಡು ತಿಂಗಳು ಯೋಚಿಸಿದೆ. ನಾಚಿಕೆ ಆಗುತ್ತದೆ. ಮನೆಯವರಿಗೇ ಪೂರ್ತಿ ವಿಷಯ ಹೇಳಿದ್ದು ಈಚೆಗೆ. ಆದರೆ ಹೋದ ವಾರ ಪರಿಚಯದ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣಾ, ನಾನೂ ಫ್ರೆಂಡೂ ಸೇರಿ ಪಾರ್ಟ್ನರ್‌ಶಿಪ್ ಶುರು ಮಾಡಿದ್ವಿ. ಡೀಡ್ ಆಯ್ತು, ಜಿಎಸ್‌ಟಿ ಬಂತು, ಎಲ್ಲಾ ರಿಜಿಸ್ಟರ್ ಆಯ್ತು" ಅಂದ. ಎಲ್ಲಾ ರಿಜಿಸ್ಟರ್ ಆಯ್ತು. 2021ರಲ್ಲಿ ನಾನೂ ಇದೇ ಮಾತು ಹೇಳಿದ್ದೆ, ಇದೇ ಖುಷಿಯಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸ್ಟಾಂಪ್ ಪೇಪರ್ ಮೇಲೆ ಡೀಡ್ (ಪಾಲುದಾರಿಕೆಯ ಕರಾರು ಪತ್ರ) ಇರಲಿ, ನೋಟರಿ ಸೀಲ್ ಇರಲಿ, ಫರ್ಮ್ ಹೆಸರಲ್ಲಿ ಪ್ಯಾನ್, ಜಿಎಸ್‌ಟಿ, ಕರೆಂಟ್ ಅಕೌಂಟ್ ಎಲ್ಲಾ ಇರಲಿ, ಅದರಿಂದ ಫರ್ಮ್ ರಿಜಿಸ್ಟರ್ ಆದ ಹಾಗಲ್ಲ. ಫರ್ಮ್‌ಗಳ ರಿಜಿಸ್ಟ್ರಾರ್ ಅಂತ ಬೇರೆಯೇ ಅಧಿಕಾರಿ ಇದ್ದಾರೆ. ಅವರ ರಿಜಿಸ್ಟರ್ ಪುಸ್ತಕದಲ್ಲಿ ನಿಮ್ಮ ಫರ್ಮ್ ಹೆಸರೂ ನಿಮ್ಮ ಹೆಸರೂ ಬರಬೇಕು. ಬಂದಿಲ್ಲ ಅಂದರೆ, ಪಾರ್ಟ್ನರ್ ನಿಮ್ಮ ದುಡ್ಡು ತಿಂದರೂ ಆ ಡೀಡ್ ಹಿಡಿದು ಅವನ ಮೇಲೆ ಸಿವಿಲ್ ಕೇಸ್ ಹಾಕಲು ಆಗುವುದಿಲ್ಲ. ಆದರೆ ಫರ್ಮ್‌ಗೆ ಉದ್ದರಿ ಕೊಟ್ಟವರು ನಿಮ್ಮ ಮೇಲೆ ಆರಾಮಾಗಿ ಕೇಸ್ ಹಾಕಬಹುದು. ಪಾಲುದಾರಿಕೆ ಕಾಯ್ದೆ ಬಂದದ್ದು 1932ರಲ್ಲಿ. ಅದರ 69ನೇ ಸೆಕ್ಷನ್ ಇದು. ನನಗೆ ಗೊತ್ತಾದದ್ದು 2023ರಲ್ಲಿ.

ನಾನೂ ನನ್ನ ಪಾರ್ಟ್ನರೂ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಅವರು ಸೇಲ್ಸ್‌ನಲ್ಲಿ, ನಾನು ಡಿಸ್ಪ್ಯಾಚ್‌ನಲ್ಲಿ. ನನಗಿಂತ ಹನ್ನೊಂದು ವರ್ಷ ದೊಡ್ಡವರು. ಅಣ್ಣ ಅಂತಲೇ ಕರೆಯುತ್ತಿದ್ದೆ. ರಟ್ಟಿನ ಪ್ಯಾಕಿಂಗ್ ಬಾಕ್ಸ್ ಮಾಡಿ ಸಪ್ಲೈ ಮಾಡೋಣ, ಗಿರಾಕಿಗಳು ನನ್ನ ಕೈಯಲ್ಲಿದ್ದಾರೆ ಅಂದರು. ಅದು ಸುಳ್ಳಲ್ಲ, ಗಿರಾಕಿಗಳು ನಿಜವಾಗಿಯೂ ಇದ್ದರು. ನಾನು 9 ಲಕ್ಷ ಹಾಕಿದೆ, ಅವರು 3 ಲಕ್ಷ. ಲಾಭ ಅರ್ಧ ಅರ್ಧ.

ಶುರುವಿನಲ್ಲಿ ನಾನು ಕೇಳದೆ ಇರಲಿಲ್ಲ. ಕೇಳಿದ್ದೆ. ಪ್ರೈವೇಟ್ ಲಿಮಿಟೆಡ್ ಮಾಡೋಣವಾ ಅಂದೆ. "ತಮ್ಮಾ, ಎರಡು ಜನಕ್ಕೆ ಅದೆಲ್ಲ ಯಾಕೆ? ವರ್ಷ ವರ್ಷ ಆಡಿಟ್ಟು, ಫೈಲಿಂಗು, ಲೇಟಾದ್ರೆ ದಂಡ" ಅಂದರು. ಎಲ್‌ಎಲ್‌ಪಿ ಅಂತ, ಪಾಲುದಾರರ ಹೊಣೆಗೆ ಮಿತಿ ಇರುವ ಪಾರ್ಟ್ನರ್‌ಶಿಪ್ ಇದೆಯಂತಲ್ಲ ಅಂದೆ. "ಅದೂ ಹಾಗೇ" ಅಂದರು. ಹಾಗಾದರೆ ಪಾರ್ಟ್ನರ್‌ಶಿಪ್ಪನ್ನಾದರೂ ರಿಜಿಸ್ಟರ್ ಮಾಡಿಸೋಣವಾ ಅಂದೆ. "ಕಡ್ಡಾಯ ಏನಿಲ್ಲ. ಬೇಕಾದ್ರೆ ಆಡಿಟರ್ ಕೇಳು" ಅಂದರು. ಆಡಿಟರನ್ನು ಕೇಳಿದೆ. "ಹೌದು, ಕಡ್ಡಾಯ ಅಲ್ಲ" ಅಂದರು.

ನೋಡಿ, ಇಬ್ಬರೂ ಹೇಳಿದ್ದು ನಿಜ. ಕಾನೂನು ಫರ್ಮನ್ನು ರಿಜಿಸ್ಟರ್ ಮಾಡಿಸಲೇಬೇಕು ಅನ್ನುವುದಿಲ್ಲ. ಮಾಡಿಸದಿದ್ದರೆ ದಂಡವೂ ಇಲ್ಲ. ಮಾಡಿಸದಿದ್ದರೆ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ ಅನ್ನುವ ಮಾತು ಮಾತ್ರ ಇಬ್ಬರೂ ಹೇಳಲಿಲ್ಲ. ನಾನು ಸುಳ್ಳಿಗೆ ಮೋಸ ಹೋಗಲಿಲ್ಲ, ಅರ್ಧ ನಿಜಕ್ಕೆ ಮೋಸ ಹೋದೆ. ಇದು ನನಗೆ ಈಗಲೂ ಹೊಟ್ಟೆ ಉರಿಯುವ ವಿಷಯ.

ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ನಡೆದದ್ದು ನಿಮಗೆ ಗೊತ್ತಿರುವಂಥದ್ದೇ. ಬ್ಯಾಂಕಿನಲ್ಲಿ ಇಬ್ಬರಲ್ಲಿ ಯಾರಾದರೂ ಒಬ್ಬರು ಸಹಿ ಮಾಡಿದರೆ ಸಾಕು ಅಂತ ಮಾಡಿಸಿದ್ದರು. ಅಕೌಂಟಿನಿಂದ ದುಡ್ಡು ಹೋಗತೊಡಗಿತು. ಹಳೆಯ ಗಿರಾಕಿಗಳ ಆರ್ಡರ್ ಕಡಿಮೆ ಆಯಿತು. ವಿಚಾರಿಸಿದರೆ ಅವರ ಬಾಮೈದನ ಹೆಸರಲ್ಲಿ ಇನ್ನೊಂದು ಬಾಕ್ಸ್ ವ್ಯಾಪಾರ ಶುರುವಾಗಿತ್ತು. ಲೆಕ್ಕ ತೋರಿಸಿ ಅಣ್ಣ ಅಂದೆ. "ಆಡಿಟರ್ ಹತ್ರ ಇದೆ" ಅಂದರು. ಆಡಿಟರ್ ಹತ್ತಿರ ಹೋದರೆ, "ಅವರು ಹೇಳಿದ್ರೆ ಕೊಡ್ತೀನಿ" ಅಂದರು. ಮತ್ತೆ ಅಣ್ಣನ ಹತ್ತಿರ. ಮತ್ತೆ ಆಡಿಟರ್ ಹತ್ತಿರ. ಮೂರು ತಿಂಗಳು ಹೀಗೇ ಓಡಾಡಿದೆ. ನಾನೇ ಹಾಕಿದ ದುಡ್ಡಿನ ಲೆಕ್ಕಕ್ಕೆ ನಾನೇ ಭಿಕ್ಷೆ ಬೇಡಿದ ಹಾಗೆ.

ಕೊನೆಗೆ 2023ರ ಮಾರ್ಚಿನಲ್ಲಿ ಸಿಟ್ಟು ಬಂದು ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕಿದೆ. "ಇವತ್ತಿನಿಂದ ನಾನು ಈ ಫರ್ಮ್‌ನಲ್ಲಿ ಇಲ್ಲ. ನನ್ನ ದುಡ್ಡು ಲೆಕ್ಕ ಮಾಡಿ ಕೊಡಿ." ಅವರು ಹೆಬ್ಬೆರಳು ಎತ್ತಿದ ಎಮೋಜಿ ಕಳಿಸಿದರು. ಅಷ್ಟೇ. ನಾನು ಹೊರಗೆ ಬಂದೆ ಅಂದುಕೊಂಡೆ. ಹಳೆಯ ಕೆಲಸಕ್ಕೆ ವಾಪಸ್ ಸೇರಿಕೊಂಡೆ. ದುಡ್ಡು ಇವತ್ತಲ್ಲ ನಾಳೆ ಬರುತ್ತದೆ ಅಂತ ಕಾದೆ.

ಎಂಟು ತಿಂಗಳಾದ ಮೇಲೆ ದುಡ್ಡು ಬರಲಿಲ್ಲ, ಲಾಯರ್ ನೋಟಿಸ್ ಬಂತು. ಕ್ರಾಫ್ಟ್ ಪೇಪರ್ ಸಪ್ಲೈ ಮಾಡುವವರಿಂದ. ಬಾಕಿ 4,70,000 ರೂಪಾಯಿ. ಬಿಲ್ಲುಗಳ ತಾರೀಖು ನೋಡಿದೆ. ಎಲ್ಲವೂ ಜೂನ್, ಜುಲೈ, ಆಗಸ್ಟ್. ನಾನು ಬಿಟ್ಟದ್ದು ಮಾರ್ಚಿನಲ್ಲಿ! ಸಪ್ಲೈಯರಿಗೆ ಫೋನ್ ಮಾಡಿ, ನಾನು ಆಗ ಇರಲೇ ಇಲ್ಲ ಸಾರ್ ಅಂದೆ. ಅವರು ಕೂಗಾಡಲಿಲ್ಲ. "ನೀವು ಬಿಟ್ಟಿದ್ದು ನಮಗೆ ಯಾರು ಹೇಳಿದ್ರು? ಮೊದಲನೇ ದಿನ ನೀವಿಬ್ಬರೂ ಬಂದು ಕೂತು ಉದ್ದರಿ ಮಾತಾಡಿದ್ರಲ್ಲ? ನಿಮ್ಮ ಮುಖ ನೋಡಿ ಕೊಟ್ಟಿದ್ದು" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅಣ್ಣನಿಗೆ ಫೋನ್ ಮಾಡಿದೆ. "ಬಿಸಿನೆಸ್ಸಲ್ಲಿ ಇದೆಲ್ಲ ಇದ್ದದ್ದೇ ತಮ್ಮಾ. ನಿನ್ನ ಪಾಲು ನೀನು ಕಟ್ಟು, ನನ್ನ ಪಾಲು ನಾನು ನೋಡ್ಕೋತೀನಿ." ನನ್ನ ಪಾಲು! ನನ್ನ ಪಾಲಿನ ಲಾಭ ಕೇಳಿದಾಗ ಈ ಮಾತು ಎಲ್ಲಿ ಹೋಗಿತ್ತು?

ವಕೀಲರ ಹತ್ತಿರ ಹೋದೆ. ದಪ್ಪ ಫೈಲ್ ಹಿಡಿದುಕೊಂಡು ಹೋಗಿದ್ದೆ, ನನ್ನ ಹತ್ತಿರ ಎಲ್ಲಾ ಕಾಗದ ಇದೆ ಅನ್ನುವ ಧೈರ್ಯದಲ್ಲಿ. ಮೇಡಂ ಕೇಳಿದ ಮೊದಲನೇ ಪ್ರಶ್ನೆ, "ಫರ್ಮ್ ರಿಜಿಸ್ಟರ್ ಆಗಿದೆಯಾ?" ಆಗಿದೆ ಮೇಡಂ ಅಂದೆ. ಜಿಎಸ್‌ಟಿ ಸರ್ಟಿಫಿಕೇಟ್ ತೆಗೆದು ಕೊಟ್ಟೆ. ನೋಡಿ ಪಕ್ಕಕ್ಕಿಟ್ಟರು. ಉದ್ಯಮ್ ಸರ್ಟಿಫಿಕೇಟ್ ಕೊಟ್ಟೆ. ಪಕ್ಕಕ್ಕಿಟ್ಟರು. ಟ್ರೇಡ್ ಲೈಸೆನ್ಸ್, ಫರ್ಮ್‌ನ ಪ್ಯಾನ್, ನೋಟರಿ ಆದ ಡೀಡ್. ಒಂದೊಂದನ್ನೇ ನೋಡಿ ಪಕ್ಕಕ್ಕೆ ಇಡುತ್ತಾ ಹೋದರು. ಫೈಲ್ ಖಾಲಿ ಆಯಿತು. "ರಿಜಿಸ್ಟ್ರಾರ್ ಕೊಟ್ಟದ್ದು ಇದರಲ್ಲಿ ಯಾವುದೂ ಇಲ್ಲ" ಅಂದರು.

ಆ ಹೊತ್ತು ನನಗೆ ಮರೆಯುವುದಿಲ್ಲ. ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಆ 9 ಲಕ್ಷದಲ್ಲಿ ಅವಳ ಒಡವೆಯ ದುಡ್ಡೂ ಇತ್ತು. ಅವಳು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಕಾಗದಗಳನ್ನೇ ನೋಡುತ್ತಿದ್ದಳು.

ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. 12ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕ ನೋಡುವ ಹಕ್ಕು, ನಕಲು ತೆಗೆದುಕೊಳ್ಳುವ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಇದೆ. ಆದರೆ ಆ ಹಕ್ಕನ್ನು ಕೋರ್ಟಿನಲ್ಲಿ ಕೇಳಲು ಹೋದರೆ 69 ಅಡ್ಡ ಬರುತ್ತದೆ. ಡೀಡ್‌ನಲ್ಲಿ ಬರೆದ ಲಾಭದ ಪಾಲು ಕೇಳಲು ಹೋದರೂ ಅಷ್ಟೇ. ಬೇರೆಯವರಿಂದ ಫರ್ಮ್‌ಗೆ ಬರಬೇಕಾದ ಬಾಕಿಗೂ ಹೀಗೇ, ವ್ಯವಹಾರದ ಕರಾರಿನ ಮೇಲೆ ಫರ್ಮ್ ಕೇಸ್ ಹಾಕಲು ಆಗುವುದಿಲ್ಲ. ಉಳಿದಿರುವ ದಾರಿ ಒಂದೇ. ಫರ್ಮನ್ನು ಮುಚ್ಚಿಸಿ, ಮುಚ್ಚಿದ ಫರ್ಮ್‌ನ ಲೆಕ್ಕ ಕೊಡಿ ಅಂತ ಕೇಳುವುದು. ಅದಕ್ಕೆ ಮಾತ್ರ 69 ಅಡ್ಡ ಬರುವುದಿಲ್ಲ.

ಈ ಕಡೆ ಸಾಲ? 25ನೇ ಸೆಕ್ಷನ್. ಫರ್ಮ್‌ನ ಸಾಲಕ್ಕೆ ಪಾಲುದಾರರು ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ಲಾಭ ಅರ್ಧ ಅರ್ಧ ಅಂತ ಡೀಡ್‌ನಲ್ಲಿ ಬರೆದಿದ್ದರೂ ಸಪ್ಲೈಯರ್ ಪೂರ್ತಿ ದುಡ್ಡನ್ನು ಒಬ್ಬನ ಹತ್ತಿರವೇ ಕೇಳಬಹುದು. ಹಾಕಿದ ಬಂಡವಾಳಕ್ಕೇ ಅದು ನಿಲ್ಲುವುದಿಲ್ಲ, ಸ್ವಂತ ಆಸ್ತಿಯವರೆಗೂ ಬರುತ್ತದೆ. ತಿಂಗಳ ಸಂಬಳ ಇರುವವನು ನಾನು, ಹೆಸರಲ್ಲಿ ಮನೆ ಇರುವವನು ನಾನು. ಯಾರ ಹತ್ತಿರ ಕೇಳುತ್ತಾರೆ ಹೇಳಿ.

ನಾನು ಬಿಟ್ಟ ಮೇಲಿನ ಬಿಲ್ಲು ಅಲ್ವಾ ಮೇಡಂ ಅಂದೆ. "ಪಬ್ಲಿಕ್ ನೋಟಿಸ್ ಕೊಟ್ಟಿದ್ದೀರಾ?" ಅಂದರು. ಪಾಲುದಾರ ಹೊರಗೆ ಹೋದರೂ ಸರಿ, ಫರ್ಮ್ ಮುಚ್ಚಿದರೂ ಸರಿ, ಪಬ್ಲಿಕ್ ನೋಟಿಸ್ ಕೊಡುವ ತನಕ ಹೊರಗಿನವರ ಲೆಕ್ಕದಲ್ಲಿ ಅವನು ಪಾಲುದಾರನೇ. ಆ ನೋಟಿಸ್ ಅಂದರೆ ಸರ್ಕಾರಿ ಗೆಜೆಟ್‌ನಲ್ಲಿ ಬರಬೇಕು, ಆ ಜಿಲ್ಲೆಯಲ್ಲಿ ಓಡಾಡುವ ಕನ್ನಡ ಪೇಪರ್ ಒಂದರಲ್ಲಾದರೂ ಬರಬೇಕು. ಫರ್ಮ್ ರಿಜಿಸ್ಟರ್ ಆಗಿದ್ದರೆ ರಿಜಿಸ್ಟ್ರಾರ್‌ಗೂ ತಿಳಿಸಬೇಕು. ನಾನು ಪಾಲುದಾರ ಅಂತಲೇ ಗೊತ್ತಿಲ್ಲದವರು ನನ್ನನ್ನು ಹಿಡಿಯುವ ಹಾಗಿಲ್ಲವಂತೆ. ಆದರೆ ಈ ಸಪ್ಲೈಯರಿಗೆ ನನ್ನ ಮುಖ ಗೊತ್ತಿತ್ತು. ನನ್ನ ವಾಟ್ಸಾಪ್ ಮೆಸೇಜ್, ಅದಕ್ಕೆ ಬಂದ ಹೆಬ್ಬೆರಳು, ಸಪ್ಲೈಯರ್ ಮುಂದೆ ಯಾವುದೂ ನಿಲ್ಲುವುದಿಲ್ಲ.

ಜಿಎಸ್‌ಟಿಯದ್ದು ಇನ್ನೊಂದು. ಜಿಎಸ್‌ಟಿ ಕಾಯ್ದೆಯ 90ನೇ ಸೆಕ್ಷನ್ ಪ್ರಕಾರ, ಪಾಲುದಾರ ಬಿಟ್ಟ ದಿನವನ್ನು ಫರ್ಮ್ ಆಗಲಿ ಅವನಾಗಲಿ ಒಂದು ತಿಂಗಳೊಳಗೆ ಕಮಿಷನರಿಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ, ಆ ಪತ್ರ ಅವರ ಕೈ ಸೇರುವ ತನಕ ಫರ್ಮ್‌ನ ತೆರಿಗೆ ಬಾಕಿಗೂ ಅವನೂ ಹೊಣೆ. ತೆರಿಗೆ ಎಷ್ಟು ಬಾಕಿ ಇದೆ ಅಂತ ಇವತ್ತಿಗೂ ನನಗೆ ಆಡಿಟರ್ ಹೇಳಿಲ್ಲ. "ನೀವು ಬಿಟ್ಟಿದ್ದೀರಲ್ಲ, ನಿಮಗೆ ಹೇಗೆ ಕೊಡೋದು?" ಅನ್ನುತ್ತಾರೆ. ಸಾಲ ಕಟ್ಟುವಾಗ ನಾನು ಪಾಲುದಾರ, ಲೆಕ್ಕ ಕೇಳುವಾಗ ಬಿಟ್ಟವನು.

ಈಗಲಾದರೂ ರಿಜಿಸ್ಟರ್ ಮಾಡಿಸಬಹುದಾ ಅಂತ ಕೇಳಿದೆ. ಯಾವಾಗ ಬೇಕಾದರೂ ಮಾಡಿಸಬಹುದಂತೆ, ಆದರೆ ಕೇಸ್ ಹಾಕುವುದಕ್ಕೆ ಮೊದಲು ಆಗಿರಬೇಕು. ಅರ್ಜಿಗೆ ಎಲ್ಲಾ ಪಾಲುದಾರರ ಸಹಿ ಬೇಕು. ಎಲ್ಲರದ್ದೂ. ಮೋಸ ಮಾಡಿದವರದ್ದೂ.

ಆದರೂ ಫೋನ್ ಮಾಡಿದೆ. ಬುದ್ಧಿ ಇಲ್ಲದೆ ಅಲ್ಲ, ಬೇರೆ ದಾರಿ ಕಾಣದೆ. ಸುಮ್ನೆ ಒಂದು ಸಹಿ ಅಣ್ಣ, ಫರ್ಮ್ ರಿಜಿಸ್ಟರ್ ಮಾಡಿಸಿಬಿಡೋಣ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ವಕೀಲರ ಹತ್ರ ಹೋಗಿ ಬಂದ್ಯಾ? 69 ಹೇಳಿರ್ತಾರೆ ಅಲ್ವಾ? ನಾನ್ಯಾಕೆ ಸಹಿ ಹಾಕ್ಲಿ ತಮ್ಮಾ?"

69. ನಂಬರ್ ಸಮೇತ ಗೊತ್ತಿತ್ತು ಅವರಿಗೆ. ಶುರುವಿನಲ್ಲೇ ಗೊತ್ತಿತ್ತಾ, ಆಮೇಲೆ ತಿಳಿದುಕೊಂಡರಾ, ನನಗೆ ಹೇಳಲಾಗದು. ಆದರೆ ಆ ನಗು ಕೇಳಿದ ಮೇಲೆ "ಕಡ್ಡಾಯ ಏನಿಲ್ಲ" ಅಂದದ್ದು ಬೇರೆಯೇ ಥರ ಕೇಳಿಸತೊಡಗಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಿಂತ ಜಾಸ್ತಿ, ಎರಡು ವರ್ಷ ಅಣ್ಣ ಅಂತ ಕರೆದೆನಲ್ಲ ಅಂತ.

ಪೊಲೀಸ್ ಸ್ಟೇಷನ್‌ಗೂ ಹೋದೆ. ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ ಅಂದರು. ಕ್ರಿಮಿನಲ್ ದೂರಿಗೆ 69 ಅಡ್ಡಿ ಅಲ್ಲ, ಆದರೆ ಮೋಸ ಅಂತ ತೋರಿಸಲು ಲೆಕ್ಕ ಬೇಕು. ಲೆಕ್ಕ ಆಡಿಟರ್ ಹತ್ತಿರ.

ಎಲ್‌ಎಲ್‌ಪಿ ಮಾಡಿದ್ದರೆ ಏನಾಗುತ್ತಿತ್ತು ಅಂತ ಮೇಡಂ ಅವರನ್ನೇ ಕೇಳಿದೆ. 2008ರ ಕಾಯ್ದೆ ಅದು. ಅಲ್ಲಿ ರಿಜಿಸ್ಟರ್ ಆಗದೆ ಎಲ್‌ಎಲ್‌ಪಿ ಹುಟ್ಟುವುದೇ ಇಲ್ಲ. ಇನ್ನೊಬ್ಬ ಪಾಲುದಾರ ಮಾಡಿದ ತಪ್ಪಿಗೆ ನನ್ನ ಮನೆ ಹೊಣೆ ಆಗುವುದಿಲ್ಲ, ನಾನೇ ಮೋಸದಲ್ಲಿ ಸೇರಿದ್ದರೆ ಬೇರೆ ಮಾತು. ವಹಿವಾಟು 40 ಲಕ್ಷ ದಾಟದೆ, ಬಂಡವಾಳ 25 ಲಕ್ಷ ದಾಟದೆ ಇದ್ದರೆ ಆ ಕಾಯ್ದೆಯಲ್ಲಿ ಆಡಿಟ್ ಕಡ್ಡಾಯವೂ ಅಲ್ಲ. "ಅದೂ ಹಾಗೇ" ಅಂದಿದ್ದರಲ್ಲ, ಅದು ಪೂರ್ತಿ ಹಾಗೆ ಅಲ್ಲ; ವರ್ಷದ ಫೈಲಿಂಗು, ಲೇಟಾದರೆ ದಂಡ ಮಾತ್ರ ಅಲ್ಲೂ ಇದೆ. ಪ್ರೈವೇಟ್ ಲಿಮಿಟೆಡ್ ಮಾಡಿದರೂ ಕಂಪನಿ ಬೇರೆ, ನಾವು ಬೇರೆ. ಆದರೆ ಬ್ಯಾಂಕ್ ಸಾಲಕ್ಕೆ ಪರ್ಸನಲ್ ಗ್ಯಾರಂಟಿ ಅಂತ ಸಹಿ ಹಾಕಿದರೆ ಆ ಗೋಡೆ ಅಲ್ಲಿಗೆ ಬಿತ್ತು. ಮೂರು ವರ್ಷ ಸತತವಾಗಿ ಫೈಲಿಂಗ್ ಮಾಡದಿದ್ದರೆ ಐದು ವರ್ಷ ಡೈರೆಕ್ಟರ್ ಆಗುವ ಹಾಗಿಲ್ಲ. ಖರ್ಚು ಇದೆ, ಕಿರಿಕಿರಿ ಇದೆ. ನಾನು ಕಳೆದುಕೊಂಡದ್ದರ ಮುಂದೆ ಅದು ಏನೂ ಅಲ್ಲ.

ಪಾರ್ಟ್ನರ್‌ಶಿಪ್ಪೇ ಮಾಡುತ್ತೀರಾ? ಮಾಡಿ. ಡೀಡ್‌ಗೆ ಸಹಿ ಹಾಕಿದ ವಾರದಲ್ಲೇ ರಿಜಿಸ್ಟ್ರಾರ್ ಅರ್ಜಿಗೂ ಇಬ್ಬರ ಸಹಿ ಹಾಕಿಸಿ, ಸ್ನೇಹ ಚೆನ್ನಾಗಿರುವಾಗಲೇ. ಬ್ಯಾಂಕಿನಲ್ಲಿ ಇಬ್ಬರ ಸಹಿ ಕಡ್ಡಾಯ ಮಾಡಿ. ಆಡಿಟರ್ ಪಾರ್ಟ್ನರ್ ಕಡೆಯವರಾಗಿದ್ದರೆ ಬದಲಾಯಿಸಿ. "ಕಡ್ಡಾಯ ಅಲ್ಲ" ಅಂತ ಯಾರಾದರೂ ಹೇಳಿದರೆ, ಮಾಡಿಸದಿದ್ದರೆ ಏನಾಗುತ್ತೆ ಅಂತ ಕೇಳಿ. ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಈಗ ಸಪ್ಲೈಯರ್ ಜೊತೆ ಮಾತಾಡಿ ತಿಂಗಳಿಗೆ 20,000 ಕಟ್ಟುತ್ತಿದ್ದೇನೆ. ಅವರು ದೊಡ್ಡ ಮನಸ್ಸು ಮಾಡಿ ಬಡ್ಡಿ ಬಿಟ್ಟರು. ಫರ್ಮ್ ಮುಚ್ಚಿದೆ ಅಂತ ವಕೀಲರ ಮೂಲಕ ನೋಟಿಸ್ ಕೊಟ್ಟಾಯಿತು, ಲೆಕ್ಕಕ್ಕೆ ಕೇಸ್ ಹಾಕಿದ್ದಾಯಿತು. ಗೆಜೆಟ್‌ಗೂ ಕೊಟ್ಟು, ಪೇಪರ್‌ಗೂ ಕೊಟ್ಟೆ. ಪೇಪರ್‌ನಲ್ಲಿ ಬಂದ ದಿನ ಬೆಳಿಗ್ಗೆ ಏಳು ಗಂಟೆಗೆ ಅವರ ಮೆಸೇಜ್. "ಪೇಪರ್‌ಗೆ ಹಾಕಿ ನನ್ನ ಮರ್ಯಾದೆ ತೆಗೆದೆಯಲ್ಲ ತಮ್ಮಾ."

ನಾನು ಉತ್ತರ ಕೊಟ್ಟಿಲ್ಲ. ಆ ಮೆಸೇಜನ್ನೂ ಪ್ರಿಂಟ್ ತೆಗೆಸಿ ಮೇಡಂ ಫೈಲಿಗೆ ಸೇರಿಸಿದ್ದೇನೆ.