ಹುಳು ಮನೆ ಸೇರಿದ ರೆಡ್ಮಿ ನೋಟ್ 4: ಲೀನಿಯೇಜ್ ಓಎಸ್ ಜೊತೆ ಒಂದು ವರ್ಷದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇರೋದು ಒಂದೇ ಫೋನು, ದುಡ್ಡು ಕಳಿಸೋದು ತರಿಸಿಕೊಳ್ಳೋದು ಎಲ್ಲ ಅದರಲ್ಲೇ ಅನ್ನುವವರು ಕಸ್ಟಮ್ ರಾಮ್, ಅಂದರೆ ಕಂಪನಿಯದಲ್ಲದ ಆಂಡ್ರಾಯ್ಡ್, ತಂಟೆಗೆ ಹೋಗಬೇಡಿ. ಮೂಲೆಯಲ್ಲಿ ಬಿದ್ದಿರುವ ಹಳೇ ಫೋನಿಗೆ ಏನಾದರೂ ಕೆಲಸ ಕೊಡೋಣ ಅಂತಿದ್ದರೆ ಮುಂದೆ ಓದಿ. ನಾನು ರೆಡ್ಮಿ ನೋಟ್ 4ಕ್ಕೆ ಲೀನಿಯೇಜ್ ಓಎಸ್ ಹಾಕಿ ಒಂದು ವರ್ಷದ ಮೇಲಾಯಿತು. ಆ ಫೋನು ಈಗ ಶಿಡ್ಲಘಟ್ಟದ ಹತ್ತಿರ ನಮ್ಮ ಹುಳು ಮನೆಯಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಇದೆ. ಹೊರಗೆ ಬರೋದೇ ಅಪರೂಪ.

ಫೋನಿನ ಬಗ್ಗೆ ಹೆಚ್ಚೇನೂ ಬರೆಯಲ್ಲ. 2017ರ ಜನವರಿಯಲ್ಲಿ ಬಂದಿದ್ದು. ಆ ವರ್ಷ ನಮ್ಮ ಕಡೆ ಯಾರ ಜೇಬು ನೋಡಿದರೂ ಇದೇ ಇರುತ್ತಿತ್ತು, ನಿಮ್ಮ ಮನೆಯಲ್ಲೂ ಒಂದು ಇದ್ದಿರಬೇಕು. ಕಂಪನಿ ಕಡೆಯಿಂದ ಆಂಡ್ರಾಯ್ಡ್ 7ಕ್ಕೆ ನಿಂತಿತು. ಆಪ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಾ ಹೋದವು, ಇದರ ಮೂರು ಜಿಬಿ ರ‍್ಯಾಮ್ ಹಾಗೇ ಉಳಿಯಿತು. ಕೊನೆಕೊನೆಗೆ ಫೋನ್ ಬಂದರೆ ಹೆಸರು ತೋರಿಸುವಷ್ಟರಲ್ಲಿ ಆ ಕಡೆಯವರು ಕಟ್ ಮಾಡಿರುತ್ತಿದ್ದರು. ಹೊಸದು ತೆಗೆದುಕೊಂಡೆ, ಇದನ್ನು ಬೀರುವಿಗೆ ಹಾಕಿದೆ. ಬ್ಯಾಟರಿ ಮಾತ್ರ ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಬದಲಾಯಿಸಿದೆ. ಸಾವಿರ ರೂಪಾಯಿ ಒಳಗೆ ಆಯಿತು. ಈ ಪುರಾಣಕ್ಕೆಲ್ಲ ಕೈಯಿಂದ ಹೋದ ದುಡ್ಡು ಅಷ್ಟೇ.

ಲೀನಿಯೇಜ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಆಂಡ್ರಾಯ್ಡ್‌ನ ಮೂಲ ಕೋಡನ್ನು ಗೂಗಲ್ ಎಲ್ಲರಿಗೂ ತೆರೆದಿಟ್ಟಿದೆ. ಅದನ್ನು ತೆಗೆದುಕೊಂಡು ಒಂದೊಂದು ಫೋನಿಗೆ ಹೊಂದಿಸುವವರು ಇದ್ದಾರೆ, ಸಂಬಳ ಇಲ್ಲದೆ, ತಮ್ಮ ಆಸೆಗೆ. 2009ರಿಂದ ಸಯನೋಜೆನ್‌ಮಾಡ್ ಅಂತ ಒಂದಿತ್ತು. 2016ರ ಕೊನೆಗೆ ಅದು ಮುಚ್ಚಿತು. ಅದೇ ಜನ ಅದೇ ಕೆಲಸವನ್ನು ಲೀನಿಯೇಜ್ ಅಂತ ಮುಂದುವರಿಸಿದರು. ಗೂಗಲ್‌ನ ಪ್ಲೇ ಸ್ಟೋರ್, ಮ್ಯಾಪ್ಸ್ ಇದರೊಳಗೆ ಬರೋದಿಲ್ಲ. ಅವು ತೆರೆದ ಕೋಡ್ ಅಲ್ಲ, ಹಂಚೋಕೆ ಅನುಮತಿ ಇಲ್ಲ ಅಂತ 2009ರಲ್ಲೇ ಗೂಗಲ್ ನೋಟಿಸ್ ಕೊಟ್ಟಿತ್ತು. ಬೇಕಾದವರು ಜಿಆಪ್ಸ್ ಅನ್ನೋ ಬೇರೆ ಕಟ್ಟು ತಂದು ಹಾಕಿಕೊಳ್ಳಬೇಕು. ಈ ಒಂದು ಸಂಗತಿ ನನ್ನ ಇಡೀ ಅನುಭವವನ್ನು ತಿರುಗಿಸಿಬಿಟ್ಟಿತು, ಅದಕ್ಕೇ ಹೇಳಿದೆ.

ಹಾಕುವ ಕೆಲಸ ಭಯ ಬೀಳುವಷ್ಟು ಕಷ್ಟ ಇಲ್ಲ, ತಾಳ್ಮೆ ಬೇಕು. ಫೋನ್ ಆನ್ ಆಗುವಾಗ ಮೊದಲು ಓಡೋದು ಬೂಟ್‌ಲೋಡರ್, ಅದರ ಬೀಗ ತೆಗೆಯೋಕೆ ವಿಂಡೋಸ್ ಕಂಪ್ಯೂಟರ್ ಬೇಕು. ಫೋನನ್ನು ಶಿಯೋಮಿ ಖಾತೆಗೆ ಜೋಡಿಸಿದ ಮೇಲೆ ಕಾಯಬೇಕು. ನಮಗೆ ತೋರಿಸಿದ್ದು 168 ಗಂಟೆ, ಅಂದರೆ ಒಂದು ವಾರ. ಬೀಗ ತೆಗೆದ ಕ್ಷಣಕ್ಕೆ ಫೋನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಫೋಟೋ ಗೀಟೋ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ. ನನ್ನ ಅಕ್ಕನ ಮಗ ಲ್ಯಾಪ್‌ಟಾಪ್ ತಂದಿದ್ದ. ಕಂಪ್ಯೂಟರಿನಿಂದ ಬೀಗ ತೆಗೆಯುವಾಗ ಬರುವ ಫಾಸ್ಟ್‌ಬೂಟ್ ಪರದೆಯಲ್ಲಿ ಒಂದು ಮೊಲ ಬರುತ್ತದೆ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಆಂಡ್ರಾಯ್ಡ್ ಬೊಂಬೆಯನ್ನು ರಿಪೇರಿ ಮಾಡುತ್ತಾ ಕೂತಿರುತ್ತದೆ. ಅದು ಕಂಡರೆ ಅರ್ಧ ಕೆಲಸ ಆಯಿತು ಅಂತ ತಿಳಿಯಿರಿ.

ತಮಾಷೆ ಆಗಿದ್ದು ಆಮೇಲೆ. ಲೀನಿಯೇಜ್ ಫೈಲನ್ನು ಕೇಬಲ್‌ನಲ್ಲಿ ಫೋನಿಗೆ ತಳ್ಳುತ್ತಿದ್ದೆವು. ನಲವತ್ತೇಳು ಪರ್ಸೆಂಟ್‌ಗೆ ನಿಂತುಬಿಟ್ಟಿತು. ಕೆಳಗೆ ಒಂದು ಸಾಲು: ‘ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸಸ್’.

“ಮಾವ, ಫೇಲ್ ಅಂತಾನೂ ಇದೆ, ಸಕ್ಸಸ್ ಅಂತಾನೂ ಇದೆ. ಯಾವುದನ್ನ ನಂಬೋದು?” ಅಂದ.

“ನಿನ್ನ ಪಿಯುಸಿ ರಿಸಲ್ಟ್ ಥರ ಇದೆ ಬಿಡು” ಅಂದೆ. ಅವನಿಗೆ ಸಿಟ್ಟು ಬಂತು.

ಲೀನಿಯೇಜ್‌ನವರ ಸೂಚನೆಯಲ್ಲೇ ಬರೆದಿದ್ದಾರೆ, ಕೆಲವು ಸಲ ಹೀಗೇ ನಲವತ್ತೇಳಕ್ಕೆ ನಿಲ್ಲುತ್ತದೆ, ಕೆಲಸ ಮಾತ್ರ ಆಗಿರುತ್ತದೆ ಅಂತ. ನಮ್ಮದೂ ಆಗಿತ್ತು. ಜಿಆಪ್ಸ್ ಬೇಕಾದರೆ ಮೊದಲ ಸಲ ಫೋನ್ ಆನ್ ಆಗೋಕೆ ಮುಂಚೆಯೇ ಹಾಕಬೇಕು, ಆಮೇಲೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ. ಅದನ್ನೂ ಹಾಕಿ ಆನ್ ಮಾಡಿದೆವು. ಗೆರೆ ಮೇಲೆ ದುಂಡು ಸರಿದಾಡುವ ಆ ಲೋಗೋ ಬಂದು, ಆಂಡ್ರಾಯ್ಡ್ 7ರ ಫೋನು ನೇರ 13ಕ್ಕೆ ಹಾರಿತ್ತು.

ಮೊದಲ ತಿಂಗಳು ಮೈಮೇಲೆ ಪ್ರಜ್ಞೆ ಇರಲಿಲ್ಲ ನನಗೆ. ಕಂಡಕಂಡವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಫೋನ್ ಚುರುಕಾಗಿತ್ತು. ಜಾಹೀರಾತು ಇಲ್ಲ, ಬೇಡದ ಆಪ್ ಇಲ್ಲ. ಕನ್ನಡಕ್ಕೆ ಬದಲಾಯಿಸಿದರೆ ಸೆಟ್ಟಿಂಗ್ಸ್ ಪೂರ್ತಿ ಕನ್ನಡ, ಲೀನಿಯೇಜ್‌ನವರೇ ಸೇರಿಸಿದ ಅಲ್ಲೊಂದು ಇಲ್ಲೊಂದು ಸಾಲು ಮಾತ್ರ ಇಂಗ್ಲಿಷ್. ಜಿಯೋ ಸಿಮ್ ಹಾಕುವವರು ಒಂದು ನೋಡಿಕೊಳ್ಳಬೇಕು. ಜಿಯೋಗೆ 2ಜಿ, 3ಜಿ ಇಲ್ಲ. ಹಾಕಿದ ರಾಮ್‌ನಲ್ಲಿ ವೋಲ್ಟಿ, ಅಂದರೆ 4ಜಿ ಮೇಲೆ ಕರೆ ಮಾಡೋದು, ಕೈಕೊಟ್ಟರೆ ನೆಟ್ ಬರುತ್ತದೆ, ಕರೆ ಮಾತ್ರ ಹೋಗಲ್ಲ. ನನ್ನದರಲ್ಲಿ ತೊಂದರೆ ಆಗಲಿಲ್ಲ.

ಇದನ್ನೇ ಮುಖ್ಯ ಫೋನ್ ಮಾಡಿಕೊಂಡು ಹೊಸದನ್ನು ಮನೆಯವರಿಗೆ ಕೊಡೋಣ ಅಂತ ಲೆಕ್ಕ ಹಾಕಿದ್ದೆ. ಆ ಲೆಕ್ಕ ಗೊಬ್ಬರದ ಅಂಗಡಿಯಲ್ಲಿ ಕೆಟ್ಟಿತು. ಹಿಂದೆ ನಾಲ್ಕು ಜನ ನಿಂತಿದ್ದಾರೆ, ಮೂಟೆ ಗಾಡಿಗೆ ಏರಿದೆ, ಬ್ಯಾಂಕಿನ ಆಪ್ ತೆರೆದರೆ ‘ನಿಮ್ಮ ಸಾಧನ ಸುರಕ್ಷಿತವಾಗಿಲ್ಲ’ ಅಂತ ಹೇಳಿ ತಾನೇ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಅದೇ. ಅಂಗಡಿಯವರು ಪರಿಚಯದವರು, “ಆಮೇಲೆ ಕೊಡಿ ಗೌಡ್ರೇ” ಅಂದರು. ಅಂದಿದ್ದು ಒಳ್ಳೇ ಮಾತೇ, ಆದರೂ ಸುಮ್ನೆ ಮುಖ ಸಣ್ಣದಾಯಿತು.

ಕಾರಣ ಇಷ್ಟೇ. ಬೂಟ್‌ಲೋಡರ್ ಬೀಗ ತೆಗೆದ ಫೋನನ್ನು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನೋ ಪರೀಕ್ಷೆ ಪಾಸ್ ಮಾಡಲ್ಲ. ಬ್ಯಾಂಕಿನ ಆಪ್‌ಗಳು ಆ ಪರೀಕ್ಷೆಯನ್ನು ಕೇಳುತ್ತವೆ. ಇದನ್ನು ದಾಟಿಸುವ ಉಪಾಯಗಳಿವೆ. ಫೋನಿನ ಒಳಗಿನ ಪೂರ್ತಿ ಅಧಿಕಾರ ಕೈಗೆ ತೆಗೆದುಕೊಳ್ಳೋದಕ್ಕೆ ರೂಟ್ ಅನ್ನುತ್ತಾರೆ; ಹಾಗೆ ರೂಟ್ ಮಾಡಿ, ಅದಕ್ಕೆ ಮ್ಯಾಜಿಸ್ಕ್ ಅನ್ನೋ ಸಾಧನ ಹಾಕಿ, ಅದರ ಮೇಲೊಂದು ಮಾಡ್ಯೂಲ್ ಕೂರಿಸಿ, ಇದು ಬೇರೆ ಫೋನು ಅಂತ ನಂಬಿಸಬೇಕು. ಅಕ್ಕನ ಮಗ ಮಾಡಿಕೊಟ್ಟ. ಕೆಲ ದಿನ ನಡೆಯಿತು. ಗೂಗಲ್ ಕಡೆ ಏನೋ ಬದಲಾಯಿತು, ನಿಂತಿತು. ಹೊಸ ಮಾಡ್ಯೂಲ್ ಬಂತು, ಮತ್ತೆ ನಡೆಯಿತು, ಮತ್ತೆ ನಿಂತಿತು. ಹಳೇ ಬೋರ್‌ವೆಲ್ ಮೋಟಾರ್ ಥರ, ಇವತ್ತು ನೀರು ಬಂತು ಅಂದರೆ ನಾಳೆ ಬರುತ್ತೆ ಅನ್ನೋ ನಂಬಿಕೆ ಇಲ್ಲ.

ಆ ಹೊತ್ತಿಗೆ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಒಂದು ಕೊಡುತ್ತಿದ್ದೆ. ಬ್ಯಾಂಕಿನವರ ಮೇಲೂ ಸಿಟ್ಟಿತ್ತು. ಸೆಕ್ಯುರಿಟಿ ಅಪ್‌ಡೇಟ್ ಬಂದು ಎಷ್ಟೋ ವರ್ಷವಾದ ಫೋನಲ್ಲಿ ನಡೆಯುವ ಆಪು, ಹೊಚ್ಚ ಹೊಸ ಅಪ್‌ಡೇಟ್ ಇರೋ ಫೋನಲ್ಲಿ ಸುರಕ್ಷಿತ ಅಲ್ಲ ಅನ್ನುತ್ತದೆ. ಯಾವ ನ್ಯಾಯ ಇದು? ಇವತ್ತಿಗೂ ನನಗೆ ಒಪ್ಪಿಗೆ ಇಲ್ಲ.

ಬೇಜಾರಲ್ಲಿ ಒಂದು ದಿನ ಎಲ್ಲ ಅಳಿಸಿ, ಜಿಆಪ್ಸ್ ಇಲ್ಲದೆ ಬರೀ ಲೀನಿಯೇಜ್ ಹಾಕಿಸಿದೆ. ರೂಟ್ ಬೇಡ, ಪ್ಲೇ ಸ್ಟೋರ್ ಬೇಡ, ಗೂಗಲ್ ಖಾತೆಯೂ ಬೇಡ. ಆಪ್ ಬೇಕಾದರೆ ಎಫ್-ಡ್ರಾಯ್ಡ್ ಇದೆ. ಅಲ್ಲಿರೋದೆಲ್ಲ ತೆರೆದ ಕೋಡ್‌ನ ಆಪ್‌ಗಳು, ಕನ್ನಡ ಟೈಪ್ ಮಾಡೋಕೆ ಇಂಡಿಕ್ ಕೀಬೋರ್ಡ್ ಅಲ್ಲೇ ಸಿಕ್ಕಿತು. ಫೋನನ್ನು ಹುಳು ಮನೆಯ ಮೊಳೆಗೆ ಒಂದು ಬಟ್ಟೆ ಚೀಲದಲ್ಲಿ ನೇತುಹಾಕಿದೆ. ಬರೀ ಅಲಾರಾಂಗೆ ಅಂತ.

ರೇಷ್ಮೆ ಮಾಡುವವರಿಗೆ ಹೇಳಬೇಕಿಲ್ಲ, ಮಾಡದವರಿಗೆ ಹೇಳುತ್ತೇನೆ. ಹುಳು ಮನೆಗೆ ಹೋಗುವಾಗ ಚಪ್ಪಲಿ ಹೊರಗೆ, ಕಾಲು ಬ್ಲೀಚಿಂಗ್ ನೀರಿಗೆ, ಕೈ ತೊಳೆದೇ ಒಳಗೆ. ಸುಣ್ಣಕಟ್ಟು, ಹಾಲು ತೊಂಡೆ ರೋಗ ಒಂದು ಸಲ ಬಿದ್ದರೆ ಬೆಳೆ ಕಸಕ್ಕೆ. ಇಷ್ಟೆಲ್ಲ ಮಾಡಿ, ರೇಷ್ಮೆ ಗೂಡಿನ ಮಾರ್ಕೆಟ್ಟು, ಟೆಂಪೊ, ಹೋಟೆಲು ಎಲ್ಲ ಸುತ್ತಿದ ಫೋನನ್ನು ಜೇಬಲ್ಲಿ ಇಟ್ಟುಕೊಂಡೇ ಒಳಗೆ ಹೋಗುತ್ತಿದ್ದೆವು. ಈಗ ಆ ಫೋನು ಬಾಗಿಲಾಚೆಯ ಗೋಡೆಗೂಡಿನಲ್ಲಿ, ಈ ಫೋನು ಒಳಗೆ.

ಅಲ್ಲಿ ಸಿಕ್ಕಿದ್ದು ಎರಡು ಬಟನ್‌ನ ಸುಖ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಬಟನ್ಸ್ ಅಂತ ಇದೆ. ಪರದೆ ಆಫ್ ಇದ್ದಾಗ ಪವರ್ ಬಟನ್ ಒತ್ತಿ ಹಿಡಿದರೆ ಟಾರ್ಚ್ ಹತ್ತಬೇಕು ಅಂತ ಅಲ್ಲಿ ಇಡಬಹುದು. ಹಾಡು ಬರುತ್ತಿರುವಾಗ ವಾಲ್ಯೂಮ್‌ನ ಮೇಲಿನ ಬಟನ್ ಒತ್ತಿ ಹಿಡಿದರೆ ಮುಂದಿನ ಹಾಡು, ಕೆಳಗಿನದು ಹಿಡಿದರೆ ಹಿಂದಿನದು ಅಂತಲೂ ಇಡಬಹುದು. ಅಷ್ಟೇ. ಸಯನೋಜೆನ್‌ಮಾಡ್ ಬಳಸಿದವರು ಇದರಲ್ಲೇನು ಹೊಸದು ಅಂತ ನಗಬಹುದು, ನಗಲಿ.

ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಎರಡೂ ಕೈ ಬೆಳ್ಳಗೆ, ಮೊಣಕೈವರೆಗೆ. ಅಂಥ ಬೆರಳನ್ನು ಫಿಂಗರ್‌ಪ್ರಿಂಟ್ ಗುರುತಿಸುವುದಿಲ್ಲ, ಪರದೆ ಒತ್ತಿದರೂ ಸರಿಯಾಗಿ ಕೇಳುವುದಿಲ್ಲ. ಸೊಪ್ಪು ಹಾಕುವಾಗಲೂ ಅಷ್ಟೇ, ರೆಂಬೆಯ ಹಾಲು ಅಂಟಿ ಬೆರಳು ಜಿಗುಟು ಜಿಗುಟು. ಇಂಥ ಕೈಯಲ್ಲಿ ಚೀಲದ ಮೇಲಿಂದಲೇ ಬಟನ್ ಹಿಡಿದರೆ ಸಾಕು. ಚೀಲದಿಂದ ತೆಗೆಯೋದೂ ಬೇಡ. ರಾತ್ರಿ ಹತ್ತರ ಸೊಪ್ಪು ಹಾಕುವಾಗ ಕರೆಂಟ್ ಹೋಗೋದು ನಮ್ಮಲ್ಲಿ ಮಾಮೂಲು. ಮೊದಲು ಕತ್ತಲಲ್ಲಿ ಕೈ ಒರೆಸಿಕೊಂಡು, ಪಿನ್ ಒತ್ತಿ, ಮೇಲಿನಿಂದ ಎಳೆದು, ಟಾರ್ಚ್ ಹುಡುಕುವಷ್ಟರಲ್ಲಿ ಎಷ್ಟೋ ಸಲ ಕರೆಂಟೇ ಬಂದುಬಿಡುತ್ತಿತ್ತು. ಈಗ ಕೈ ಚಾಚಿ ಗೋಡೆ ಮುಟ್ಟಿ, ಬಟನ್ ಹಿಡಿದರೆ ಬೆಳಕು. ಆರಿಸೋದು ಮರೆತರೂ ತಾನಾಗೇ ಆರುವ ಹಾಗೆ ಹೊತ್ತು ಗೊತ್ತು ಮಾಡಿಡಬಹುದು.

ಹಾಡಿನ ಬಟನ್ ನಮ್ಮ ಮನೆಯವರದು. ಮೆಮೊರಿ ಕಾರ್ಡಲ್ಲಿ ಕೈವಾರದ ಕಡೆ ಹಾಡುವ ತತ್ವಪದ, ಹರಿಕಥೆ, ತೆಲುಗು ಕನ್ನಡ ಎರಡೂ ತುಂಬಿಸಿಕೊಂಡಿದ್ದಾರೆ. ಇಲೆವೆನ್ ಅನ್ನೋ ಪ್ಲೇಯರ್ ಲೀನಿಯೇಜ್‌ನ ಜೊತೆಗೇ ಬಂದಿದ್ದು, ಸಾದಾ ಸೀದಾ. ಎರಡು ರ‍್ಯಾಕ್ ಸೊಪ್ಪು ಮುಗಿಯುವ ಹೊತ್ತಿಗೆ ಒಂದು ಕಥೆ ಮುಗಿಯುತ್ತದೆ. ಮಧ್ಯೆ ಜಾಹೀರಾತು ಬರಲ್ಲ, ಮೆಸೇಜ್ ಟಿಂಗ್ ಅನ್ನಲ್ಲ. ಮೊನ್ನೆ ಅವರ ತಂಗಿ ಬಂದಾಗ “ನಮ್ಮ ಹುಳು ಮನೆ ಫೋನು” ಅಂತ ತೋರಿಸುತ್ತಿದ್ದರು. ನನ್ನ ಹೊಸ ಫೋನನ್ನು ಯಾವತ್ತೂ ಯಾರಿಗೂ ತೋರಿಸಿದ್ದಿಲ್ಲ.

ಚಾರ್ಜ್ ಬಗ್ಗೆ ಹೇಳಲೇಬೇಕು. ಜಿಆಪ್ಸ್ ಇದ್ದಾಗ ದಿನಾ ರಾತ್ರಿ ಚಾರ್ಜಿಗೆ ಹಾಕಬೇಕಿತ್ತು. ತೆಗೆದ ಮೇಲೆ, ಹಾಡು ಟಾರ್ಚ್ ಅಲಾರಾಂ ಎಲ್ಲ ನಡೆದೂ ಮೂರ್ನಾಲ್ಕು ದಿನ ಬರುತ್ತದೆ. ಫೋನು ಅದೇ, ಬ್ಯಾಟರಿ ಅದೇ. ಹಿಂದುಗಡೆ ಸದಾ ಓಡುತ್ತಿದ್ದವು ಇಲ್ಲ, ಅಷ್ಟೇ ವ್ಯತ್ಯಾಸ.

ಅಪ್‌ಡೇಟ್ ಮಾಡುವುದಕ್ಕೂ ಒಂದು ಕಾಲ ಇಟ್ಟುಕೊಂಡಿದ್ದೇನೆ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋದ ಮೇಲೆ ಹುಳು ಮನೆ ಖಾಲಿ. ಹುಳು ಗೂಡು ಕಟ್ಟುವ ಚಂದ್ರಿಕೆ ಬಿಸಿಲಿಗೆ, ರ‍್ಯಾಕ್ ತೊಳೆದು, ಗೋಡೆಗೆ ಔಷಧಿ ಹೊಡೆಯುತ್ತೇವೆ. ಆಗ ಈ ಫೋನೂ ಹೊರಗೆ ಬರುತ್ತದೆ. ಒರೆಸಿ, ಹಾಟ್‌ಸ್ಪಾಟ್ ಕೊಟ್ಟು, ಅಪ್‌ಡೇಟರ್ ಒತ್ತಿದರೆ ಹೊಸ ಬಿಲ್ಡ್ ಇಳಿಸಿಕೊಂಡು ತಾನೇ ಹಾಕಿಕೊಳ್ಳುತ್ತದೆ. ವಾರವಾರ ಬರುತ್ತದೆ, ವಾರವಾರ ಹಾಕುವ ಹಠ ನನಗಿಲ್ಲ. ಬೆಳೆ ನಡುವೆ ಅಂತೂ ಮುಟ್ಟಲ್ಲ. ಒಂದು ಫೋನನ್ನು ನೋಡಿಕೊಳ್ಳುವವರು ಕೈಬಿಟ್ಟರೆ ಆ ಫೋನಿಗೆ ಬಿಲ್ಡ್ ಬರೋದೂ ನಿಲ್ಲುತ್ತದೆ, ಅದು ಲೀನಿಯೇಜ್‌ನ ನಿಯಮ. ನೆಟ್‌ಗೆ ಹೋಗದೆ ಹಾಡು ಹಾಡಿಕೊಂಡಿರೋ ಫೋನಿಗೆ ಅದರಿಂದ ಆಗೋ ನಷ್ಟ ಕಡಿಮೆ.

ಕೊರತೆ ಇಲ್ಲ ಅಂತಲ್ಲ. ಕ್ಯಾಮೆರಾ ಕೆಳಕ್ಕೆ ಹೋಗಿದೆ. ಟ್ಯೂಬ್‌ಲೈಟಲ್ಲಿ ಹುಳುವಿನ ಫೋಟೋ ತೆಗೆದರೆ ಆರೋಗ್ಯದ ಹುಳುವೂ ಹಳದಿ. ರೋಗ ತೋರಿಸೋಕೆ ರೇಷ್ಮೆ ಇಲಾಖೆಯವರಿಗೆ ಕಳಿಸಬೇಕಾದರೆ ಹೊಸ ಫೋನಲ್ಲೇ ತೆಗೆಯುತ್ತೇನೆ. ವಾಟ್ಸಾಪ್ ಬೇಕಾದರೆ ಅವರ ಸೈಟಿನಿಂದಲೇ ಇಳಿಸಿ ಹಾಕಬಹುದು, ಒಂದೇ ಖಾತೆಯನ್ನು ಎರಡನೇ ಫೋನಿಗೆ ಜೋಡಿಸೋದು 2023ರಿಂದ ಆಗುತ್ತದೆ. ನಾನು ಬೇಕಂತಲೇ ಹಾಕಿಲ್ಲ.

ಅಂಕ ಕೇಳಿದರೆ, ಹುಳು ಮನೆ ಫೋನಾಗಿ ಐದಕ್ಕೆ ನಾಲ್ಕೂವರೆ. ಜೇಬಿನ ಫೋನಾಗಿ ಒಂದೂವರೆ, ಅದೂ ಮೊಲಕ್ಕೆ. ಹುಳು ಮನೆ ಲೆಕ್ಕದಲ್ಲಿ ಅರ್ಧ ಅಂಕ ಕಡಿದಿದ್ದು ಸಾಫ್ಟ್‌ವೇರ್ ತಪ್ಪಿಗಲ್ಲ. ಚಾರ್ಜಿಂಗ್ ಪೋರ್ಟ್ ಸಡಿಲ ಆಗಿದೆ, ಸುಣ್ಣದ ಪುಡಿ ಹೋಗಿ ಕೂತಿದೆ, ವೈರನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಹತ್ತುತ್ತದೆ. ಈ ಬೆಳೆ ಗೂಡು ಮಾರಿದ ಮೇಲೆ ಪೋರ್ಟ್ ಬೋರ್ಡ್ ಹಾಕಿಸಬೇಕು. ನೋಟ್ 4ಕ್ಕೆ ಒಳ್ಳೇ ಬೋರ್ಡ್ ಚಿಂತಾಮಣಿ ಕಡೆ ಯಾರ ಹತ್ತಿರವಾದರೂ ಸಿಕ್ಕರೆ ತಿಳಿಸಿ.