ಲೇಸರ್ ಕಣಗಾತ್ರ ಮಾಪಕ: ಮಣ್ಣಿನ ಸೈಕ್ಲೋನ್‌ಗೆ ಇದೊಂದೇ ಸಾಕೇ?

ಮಂಗಳೂರಿನ ಬೈಕಂಪಾಡಿಯ ನಮ್ಮ ಘಟಕದಲ್ಲಿ ಕೆಯೋಲಿನ್ ಎಂಬ ಬಿಳಿ ಜೇಡಿಮಣ್ಣಿನಿಂದ ಮರಳು ತೆಗೆಯಲು ಹೈಡ್ರೋಸೈಕ್ಲೋನ್ ಇದೆ. ಕೆಸರನ್ನು ಸುಳಿಯಾಗಿ ತಿರುಗಿಸಿ ದಪ್ಪ ಕಣವನ್ನು ಕೆಳಗಿನಿಂದ, ನಯವಾದದ್ದನ್ನು ಮೇಲಿನಿಂದ ಹೊರಬಿಡುವ ಸಾಧನ ಅದು. ಅದರ ಕೆಲಸ ಅಳೆಯಲು ಲೇಸರ್ ಮಾಪಕ ತಂದು ಹಲವು ಮಳೆಗಾಲ ಕಳೆದವು. ಯಂತ್ರ ಒಳ್ಳೆಯದೇ. ಕೆಲವೇ ನಿಮಿಷದಲ್ಲಿ ಗ್ರಾಫ್ ಬರುತ್ತದೆ, ಅದೇ ಸ್ಯಾಂಪಲ್ ಮತ್ತೆ ಹಾಕಿದರೆ ಹೆಚ್ಚುಕಡಿಮೆ ಅದೇ ಉತ್ತರ. ಆದರೆ ಅದರ ಅಂಕಿ ಒಂದನ್ನೇ ನಂಬಿ ಸೈಕ್ಲೋನಿನ ಕಟ್ ಸೈಜ್, ಅಂದರೆ ದಪ್ಪ ಮತ್ತು ನಯ ಬೇರೆಯಾಗುವ ಗಾತ್ರ, ಲೆಕ್ಕ ಹಾಕಬೇಡಿ.

ಲೇಸರ್ ನೋಡುವುದು ಕಣಗಳು ಬೆಳಕನ್ನು ಚದುರಿಸುವ ರೀತಿಯನ್ನು. ಎಲ್ಲ ಕಣವೂ ಗುಂಡಗಿದೆ ಎಂದುಕೊಂಡೇ ಗಾತ್ರ ಹೇಳುತ್ತದೆ. ಸೈಕ್ಲೋನ್ ವಿಂಗಡಿಸುವುದು ಕಣ ನೀರಿನಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಮೇಲೆ. ಕೆಯೋಲಿನ್ ಕಣ ಚಪ್ಪಟೆ, ಅಗಲವಿದ್ದರೂ ನಿಧಾನಕ್ಕೆ ಇಳಿಯುತ್ತದೆ. ಅದೇ ಮಣ್ಣು ಲೇಸರ್‌ನಲ್ಲಿ ದಪ್ಪ, ತಳಕ್ಕೆ ಇಳಿಸಿ ನೋಡಿದರೆ ನಯ.

ಒಮ್ಮೆ ಓವರ್‌ಫ್ಲೋದಲ್ಲಿ, ಅಂದರೆ ಸೈಕ್ಲೋನಿನ ಮೇಲಿನಿಂದ ಬರುವ ನಯ ಕೆಸರಿನಲ್ಲಿ, 60 ಮೈಕ್ರಾನ್ ಹತ್ತಿರ ಗ್ರಾಫ್ ಎದ್ದು ನಿಂತಿತು. ಮರಳು ಮೇಲೆ ಹೋಗುತ್ತಿದೆ ಎಂದು ಸ್ಪಿಗಾಟ್ (ಸೈಕ್ಲೋನಿನ ತಳದ ಬಾಯಿ) ಬದಲಿಸುವ ಮಾತು ಬಂತು. ಅದೇ ಸ್ಯಾಂಪಲನ್ನು 45 ಮೈಕ್ರಾನ್ ಜರಡಿಯಲ್ಲಿ ನೀರು ಬಿಟ್ಟು ತೊಳೆದೆವು. ಉಳಿದದ್ದನ್ನು ಬೆರಳಲ್ಲಿ ಉಜ್ಜಿದ ಆಪರೇಟರ್, "ಸರ್, ಇದು ಮರಳಲ್ಲ, ಕಾಗೆಬಂಗಾರ" ಎಂದರು. ಹೌದು, ತೆಳ್ಳಗೆ ಹೊಳೆಯುವ ಹಾಳೆಗಳು. ಹಗುರವಾಗಿ ತೇಲುತ್ತಾ ಮೇಲಿನಿಂದ ಹೋಗಿದ್ದವು. ಸೈಕ್ಲೋನ್ ಸರಿಯಾಗಿಯೇ ಇತ್ತು.

ಹಾಗಾಗಿ ಪಿಪೆಟ್ ಪರೀಕ್ಷೆಯನ್ನು, ಅಂದರೆ ಕಣಗಳನ್ನು ನೀರಿನಲ್ಲಿ ಇಳಿಯಬಿಟ್ಟು ಗೊತ್ತಾದ ಹೊತ್ತಿಗೆ ಪಿಪೆಟ್‌ನಲ್ಲಿ ಹೀರಿ, ಒಣಗಿಸಿ ತೂಗುವುದನ್ನು, ನಾವು ಬಿಟ್ಟಿಲ್ಲ. 2 ಮೈಕ್ರಾನ್ ಕಣ 10 ಸೆಂ.ಮೀ. ಇಳಿಯಲು 20 ಡಿಗ್ರಿಯಲ್ಲಿ ಸುಮಾರು 8 ಗಂಟೆ ಬೇಕು. ನಮ್ಮೂರ ಸೆಖೆಯಲ್ಲಿ, ನೀರು 30 ಡಿಗ್ರಿ ಇರುವಾಗ, ಆರೂವರೆ ಗಂಟೆಯ ಒಳಗೇ ಮುಗಿಯುತ್ತದೆ. ಉಷ್ಣತೆ ಬರೆದಿಡದ ರಿಪೋರ್ಟ್‌ಗೆ ಬೆಲೆಯಿಲ್ಲ. ಒಣ ಜರಡಿಯಂತೂ ಜೂನ್ ಬಂತೆಂದರೆ ಬೇಡವೇ ಬೇಡ, ಪುಡಿ ಉಂಡೆಯಾಗಿ ಜರಡಿಯ ಮೇಲೆಯೇ ಕೂರುತ್ತದೆ.

ಲೇಸರ್ ಇಟ್ಟುಕೊಳ್ಳುವವರು ಕೆಯೋಲಿನ್‌ಗೆ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) 1.56 ಹಾಕಿ, ಮೀ ಸಿದ್ಧಾಂತದಲ್ಲೇ ಲೆಕ್ಕ ಮಾಡಿಸಿ. ಚದುರಿದ ಬೆಳಕಿನಿಂದ ಗಾತ್ರ ಲೆಕ್ಕ ಹಾಕಲು ಯಂತ್ರದಲ್ಲಿರುವ ಎರಡು ವಿಧಾನಗಳು ಮೀ ಮತ್ತು ಫ್ರಾನ್‌ಹೋಫರ್. ಫ್ರಾನ್‌ಹೋಫರ್ ಆಯ್ಕೆಯಲ್ಲಿ ನುಣ್ಣನೆ ಭಾಗದ ಅಂಕಿ ನಂಬುವಂತಿಲ್ಲ. ಬೇಸಿಗೆಯಲ್ಲಿ ಉಪ್ಪಾಗುವ ಬಾವಿನೀರು ಹಾಕಬೇಡಿ, ಉಪ್ಪು ಕಣಗಳನ್ನು ಒಟ್ಟುಗೂಡಿಸುತ್ತದೆ. ಡಿಸ್ಟಿಲ್ಡ್ ನೀರು, ಅದಕ್ಕೆ ಕಣಗಳನ್ನು ಬಿಡಿಬಿಡಿಯಾಗಿಡುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸ್ವಲ್ಪ. ಗಂಟು ಬಿಡಿಸಲು ಕೊಡುವ ಅಲ್ಟ್ರಾಸೌಂಡ್ ಸಮಯ ಎಲ್ಲ ಶಿಫ್ಟ್‌ಗೂ ಒಂದೇ ಇರಲಿ. ನೀರಿನಲ್ಲಿ ಗುಳ್ಳೆ ಉಳಿದರೆ ಅದನ್ನೂ ಯಂತ್ರ ಕಣವೆಂದೇ ಎಣಿಸುತ್ತದೆ.

ಶಿಫ್ಟ್‌ನಿಂದ ಶಿಫ್ಟ್‌ಗೆ ಏನು ಬದಲಾಯಿತು ಎಂದು ಹಿಡಿಯಲು ಲೇಸರ್‌ಗಿಂತ ಚುರುಕಾದದ್ದು ನಮ್ಮ ಲ್ಯಾಬಿನಲ್ಲಿ ಇಲ್ಲ. ಆ ಕೆಲಸಕ್ಕಾದರೆ ಧೈರ್ಯವಾಗಿ ಕೊಳ್ಳಿ. ಡೆಮೊ ದಿನ ಯಂತ್ರ ಮಾರುವವರು ತರುವ ಗಾಜಿನ ಗುಂಡುಗಳ ಫಲಿತಾಂಶ ನೋಡಿ ಒಪ್ಪಬೇಡಿ, ನಿಮ್ಮದೇ ಓವರ್‌ಫ್ಲೋ ಕೆಸರನ್ನು ಬಾಟಲಿಯಲ್ಲಿ ಒಯ್ಯಿರಿ.