ಎರಡೂವರೆ ವರ್ಷದ ಆಪ್ತಸಮಾಲೋಚನೆ: ಮೊದಲು ನಾನೊಬ್ಬಳೇ, ಆಮೇಲೆ ಇಬ್ಬರೂ

ಮೈಸೂರಿನ ಒಂದು ಖಾಸಗಿ ಆಪ್ತಸಮಾಲೋಚನಾ ಕೇಂದ್ರಕ್ಕೆ ಎರಡೂವರೆ ವರ್ಷದಿಂದ ಹೋಗುತ್ತಿದ್ದೇನೆ. ಅದಕ್ಕೂ ಮುಂಚೆ ಬೇರೊಬ್ಬರ ಬಳಿ ನಾಲ್ಕು ವಾರ ಹೋಗಿದ್ದೆ. ಅವರು ನಾನು ಅತ್ತು ಮುಗಿಸುವವರೆಗೆ ಕಾದು, "ಹೆಣ್ಣಾದವಳು ಸ್ವಲ್ಪ ಹೊಂದಿಕೊಂಡು ಹೋಗಬೇಕಮ್ಮ" ಎಂದು ಕಳುಹಿಸುತ್ತಿದ್ದರು. ಹಗುರವಾದ ಮನಸ್ಸು ಮನೆಯ ಗೇಟು ತಲುಪುವಷ್ಟರಲ್ಲಿ ಮತ್ತೆ ಭಾರವಾಗುತ್ತಿತ್ತು.

ಈ ಕೇಂದ್ರದಲ್ಲಿ ಮೊದಲ ದಿನವೇ ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಹಾಳೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ದಣಿವು, ಆಸಕ್ತಿ ಹೇಗಿದ್ದವು ಎಂಬಂಥ 9 ಪ್ರಶ್ನೆಗಳು, ಒಟ್ಟು 27 ಅಂಕ; ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ನನಗೆ 17 ಬಂತು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. 'ಕೆಲವು ದಿನ' ಎಂದು ಗುರುತು ಹಾಕಿದ್ದೆ. ಸಮಾಲೋಚಕಿ ಪೆನ್ನು ಕೆಳಗಿಟ್ಟು ಅದೊಂದರ ಬಗ್ಗೆಯೇ ಅರ್ಧ ಗಂಟೆ ಮಾತನಾಡಿಸಿದರು, ಮನೋವೈದ್ಯರನ್ನೂ ಕಾಣಲು ಹೇಳಿದರು, ರಾತ್ರಿ ಹೊತ್ತಿಗೆ ಬೇಕಾದೀತೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ನನ್ನ ಫೋನಿಗೆ ಹಾಕಿಸಿದರು. ಅದುವರೆಗೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಅವರು ಬಳಸಿದ್ದು ಸಿಬಿಟಿ, ಅಂದರೆ ನಮ್ಮ ಯೋಚನೆಗಳನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಚಿಕಿತ್ಸೆ; 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಪದ್ಧತಿ. ಅದರಲ್ಲಿ ಮನೆಗೆಲಸ ಇರುತ್ತದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಏನು ನಡೆಯಿತು, ಏನು ಅನ್ನಿಸಿತು, ಅನ್ನಿಸಿದ್ದಕ್ಕೆ ಪುರಾವೆ ಏನು, ವಿರುದ್ಧವಾದ ಪುರಾವೆ ಏನು ಎಂದು ಬರೆಯಬೇಕು. ಮಗಳ ಶಾಲೆಯ ಸಭೆ ತಪ್ಪಿದ ದಿನ 'ನಾನು ತಾಯಿಯಾಗಲು ಲಾಯಕ್ಕಿಲ್ಲ' ಎಂದು ಬರೆದಿದ್ದೆ. ಕೊನೆಯ ಅಂಕಣ ಮೂರು ದಿನ ಖಾಲಿ ಇತ್ತು. ನಾಲ್ಕನೆಯ ದಿನ, ಅವಳಿಗೆ ಜಡೆ ಹಾಕುತ್ತಿರುವಾಗಲೇ ಒಂದು ಸಾಲು ಹೊಳೆಯಿತು. ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ ಬರೆದೆ. ಐದು ತಿಂಗಳಲ್ಲಿ ಅಂಕ 8ಕ್ಕೆ ಇಳಿಯಿತು. ನಡುವೆ ಒಮ್ಮೆ 14ಕ್ಕೆ ಏರಿದಾಗ ಅದನ್ನು ಮುಚ್ಚಿಡದೆ, ಯೋಜನೆಯನ್ನೇ ಬದಲಿಸಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗ.

ಗಂಡ ಹೆಂಡಿರ ಸಮಾಲೋಚನೆಗೆ ಅದೇ ಕೇಂದ್ರದ ಇನ್ನೊಬ್ಬರ ಬಳಿ ಕಳುಹಿಸಿದರು. ಇಷ್ಟು ದಿನ ನನ್ನ ಮಾತನ್ನೇ ಕೇಳಿದವರು ಇಬ್ಬರ ನಡುವೆ ಕೂರಬಾರದಂತೆ. ಯಜಮಾನರಿಗೆ ಮೊದಲು ಇಷ್ಟವಿರಲಿಲ್ಲ. "ಮನೆಯ ವಿಷಯ ಮೂರನೆಯವರ ಮುಂದೆ ಯಾಕೆ?" ಎಂದರು. ಜಗಳವಾದಾಗ ಅವರು ಮಾತು ನಿಲ್ಲಿಸಿ ತಾರಸಿಗೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು, ನಾನು ಹಿಂದೆಯೇ ಹೋಗಿ ಇನ್ನಷ್ಟು ಜೋರು ಮಾಡುತ್ತಿದ್ದೆ. ಹದಿಮೂರು ವರ್ಷ ಅದನ್ನು ನಾನು ತಾತ್ಸಾರ ಎಂದೇ ತಿಳಿದಿದ್ದೆ. ಸಮಾಲೋಚಕರು ಆ ಹೊತ್ತಿನಲ್ಲಿ ದೇಹದಲ್ಲಿ ಏನಾಗುತ್ತದೆ ಎಂದು ಕೇಳಿದಾಗ ಅವರು ನೆಲ ನೋಡುತ್ತಾ, "ಎದೆ ಹೊಡೆದುಕೊಳ್ಳುತ್ತದೆ, ಅವಳ ಮಾತೇ ಕೇಳಿಸುವುದಿಲ್ಲ" ಎಂದರು. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಹೇಳಿದ್ದೂ ಇದನ್ನೇ: ಎದೆಬಡಿತ ಏರಿದ ಮೇಲೆ ಮಾತು ಒಳಗೆ ಇಳಿಯುವುದಿಲ್ಲ, ದೇಹ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಈಗ ಯಜಮಾನರು "ಇಪ್ಪತ್ತು ನಿಮಿಷ" ಎಂದು ಹೇಳಿ ಹೋಗುತ್ತಾರೆ. ನಾನು ಹಿಂದೆ ಹೋಗುವುದಿಲ್ಲ. ಮರಳಿ ಬಂದು ಮಾತು ಶುರು ಮಾಡಬೇಕಾದದ್ದು ಅವರೇ, ಅದು ಒಪ್ಪಂದ.

ಕೊರತೆಗಳೂ ಇವೆ. 50 ನಿಮಿಷಕ್ಕೆ 1,500 ರೂಪಾಯಿ, ಮಧ್ಯಮ ವರ್ಗಕ್ಕೆ ನಿಜಕ್ಕೂ ಹೊರೆ. ನಮ್ಮ ವಿಮೆ ಹೊರರೋಗಿ ವೆಚ್ಚ ಕೊಡದ ಕಾರಣ ಒಂದು ರೂಪಾಯಿಯೂ ವಾಪಸು ಬರಲಿಲ್ಲ. ಸಂಜೆಯ ಸಮಯ ಬೇಕೆಂದರೆ ಮೂರು ವಾರ ಕಾಯಬೇಕು. ವಿಡಿಯೋ ಕರೆಯಲ್ಲಿ, ಅಳು ಬರುವ ಹೊತ್ತಿಗೇ ನೆಟ್‌ವರ್ಕ್ ಹೋದರೆ ಆಗುವ ಸಂಕಟ ಹೇಳತೀರದು.

ಹೊಸದಾಗಿ ಹೋಗುವವರು ಮೊದಲ ಭೇಟಿಯಲ್ಲೇ ಯಾವ ಪದ್ಧತಿ, ಪ್ರಗತಿ ಅಳೆಯುವುದು ಹೇಗೆ ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ಕೇಳಿ. ಸಂಕೋಚ ಬೇಡ, ನಮ್ಮ ಸಮಾಲೋಚಕಿ ನಾನು ಕೇಳಿದ್ದಕ್ಕೆ ಸಂತೋಷಪಟ್ಟರು.

ಈಗ ಮೂರು ತಿಂಗಳಿಗೊಮ್ಮೆ ಹೋಗುತ್ತೇವೆ. ಹೋದ ಭೇಟಿಯ ಅಂಕ 5. ಒಂಬತ್ತನೆಯ ಪ್ರಶ್ನೆಗೆ ಸೊನ್ನೆ.